ಎರಡು ಸಲ ಎಣಿಸುವ ಟ್ರೇ

ಕೊನೆಯ ಕತ್ತರಿಯನ್ನು ಅಕ್ಕ ಟ್ರೇಯಲ್ಲಿ ಮಲಗಿಸಿ, ನೀಲಿ ಬಟ್ಟೆಯ ನಾಲ್ಕೂ ಮೂಲೆ ಬಿಗಿಯಾಗಿ ಮಡಚಿ, ಟೇಪು ಹಚ್ಚಿ ಅದರ ಮೇಲೆ ಸಹಿ ಹಾಕುತ್ತಾರೆ. ಸಹಿಯ ಶಾಯಿ ಒಣಗುವ ಮೊದಲೇ ಪಕ್ಕದ ಮೇಜಿನ ದೊಡ್ಡಣ್ಣನ ಕೈ ಬಂದು ಆ ಟೇಪನ್ನು ಕಿತ್ತು, ಬಟ್ಟೆ ಬಿಚ್ಚಿ, ಒಂದರಿಂದ ಎಣಿಸತೊಡಗುತ್ತದೆ.

"ಬೇಜಾರ್ ಮಾಡ್ಕೋಬೇಡ ಅಕ್ಕ. ಮೇಲಿನೋರ ಆರ್ಡರ್ರು."

"ಎಣಿಸು ದೊಡ್ಡಣ್ಣ. ನಲವತ್ತೊಂದಿರುತ್ತೆ."

ನಲವತ್ತೊಂದಿರುತ್ತದೆ. ದಿನವೂ ಇರುತ್ತದೆ.

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆ. ಶಸ್ತ್ರಚಿಕಿತ್ಸೆಯ ಸಲಕರಣೆಗಳು ರಕ್ತ ತೊಳೆದುಕೊಂಡು, ಇಲ್ಲಿ ಟ್ರೇಗೆ ಸೇರಿ, ಹಬೆಯ ಯಂತ್ರದಲ್ಲಿ ಬೆಂದು ಮೇಲಕ್ಕೆ ಹೋಗುತ್ತವೆ. ತಲೆಗೆ ಸ್ಕಾರ್ಫು, ಅದರ ಮೇಲೆ ಆಸ್ಪತ್ರೆಯ ಟೋಪಿ, ಎಲ್ಲರ ಬಾಯಲ್ಲೂ ಬರೀ 'ಅಕ್ಕ' ಆದ ಈ ಮಹಿಳೆ ಹದಿನಾಲ್ಕು ವರ್ಷಗಳಿಂದ ದಿನಕ್ಕೆ ಮೂವತ್ತು ಟ್ರೇ ಕಟ್ಟುತ್ತಿದ್ದಾರೆ. ಒಂದು ದೂರೂ ಬಂದಿಲ್ಲ. ಟೇಪಿನ ಮೇಲಿನ ಸಹಿಯೇ ಇಲ್ಲಿ ಜವಾಬ್ದಾರಿ. ಆ ಸಹಿಯನ್ನು ನಂಬಿಯೇ ವೈದ್ಯರು ಹೊಟ್ಟೆ ಕೊಯ್ಯುವುದು.

ಎರಡು ತಿಂಗಳ ಹಿಂದೆ ಒಂದು ಟ್ರೇಯಲ್ಲಿ ಇಕ್ಕಳ ಕಮ್ಮಿ ಬಂತು. ರೋಗಿಯನ್ನು ಮಲಗಿಸಿಕೊಂಡು ಹದಿನೇಳು ನಿಮಿಷ ಎಲ್ಲರೂ ಕೈಕಟ್ಟಿ ನಿಂತರು. ಟೇಪಿನ ಮೇಲಿದ್ದದ್ದು ದೊಡ್ಡಣ್ಣನ ಸಹಿ. ಅದೇ ವಾರ ಎಲ್ಲೋ ದೂರದ ಊರಲ್ಲಿ ಬಾಂಬು ಸಿಡಿದು, ಟೀವಿಯಲ್ಲಿ ಹಗಲೆಲ್ಲ ಅದೇ ಸುದ್ದಿ, ಮುಸ್ಲಿಮರ ಮೇಲೇ ಅನುಮಾನ. ವಾರದ ಕೊನೆಗೆ ಮೇಲ್ವಿಚಾರಕರ ಚೀಟಿ ಬಂತು: ಅಕ್ಕನ ಟ್ರೇಗಳನ್ನು ಇನ್ನೊಬ್ಬರು ಮತ್ತೆ ಎಣಿಸಬೇಕು. ಅಕ್ಕನದು ಮಾತ್ರ. ಎಣಿಸಬೇಕಾದವರು ದೊಡ್ಡಣ್ಣ!

ಯಾಕೆಂದು ಕೇಳಿದ್ದಕ್ಕೆ ಮೇಲ್ವಿಚಾರಕರು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಸುಮ್ನೆ ಒಂದು ಮುನ್ನೆಚ್ಚರಿಕೆಮ್ಮ."

ಆವತ್ತಿನಿಂದ ಮಾತಿನ ಧಾಟಿಯೂ ಬದಲಾಗಿದೆ. "ಅಲ್ಲಕ್ಕ, ನಿಮ್ಮೋರು ಯಾಕೆ ಹಿಂಗ್ ಮಾಡ್ತಾರೆ?" ಎಂದರು ದೊಡ್ಡಣ್ಣ ಒಂದು ದಿನ, ನಿಜಕ್ಕೂ ತಿಳಿದುಕೊಳ್ಳುವವರ ಹಾಗೆ.

"ನಮ್ಮೋರು ಅಂದ್ರೆ ನನ್ ಗಂಡ, ಇಬ್ರು ಹೆಣ್ಮಕ್ಳು. ಏನ್ ಮಾಡಿದ್ರು ಹೇಳು, ಇವತ್ತೇ ಕಿವಿ ಹಿಂಡ್ತೀನಿ."

ಕ್ಯಾಂಟೀನಿನಲ್ಲಿ ನರ್ಸೊಬ್ಬಳು ಅಕ್ಕನ ಕಪ್ಪು ತೋಳಿನ ಪಕ್ಕ ತನ್ನ ಬಿಳಿ ತೋಳಿಟ್ಟು ನಕ್ಕಳು. "ನೀವು ನಿಜವಾಗ್ಲೂ ಯಾವ ದೇಶದೋರು?"

"ಇದೇ ಕಟ್ಟಡದ ಮೂರನೇ ಮಹಡಿಯೋಳು. ಹೆರಿಗೆ ವಾರ್ಡು, ಗೋಡೆ ಪಕ್ಕದ ಮಂಚ."

"ಪ್ರಶ್ನೆ ಕೇಳಿದ್ರೆ ಏನಾದ್ರೂ ಹೇಳಿ ಬಾಯ್ ಮುಚ್ಚಿಸಬಹುದು," ಎನ್ನುತ್ತಾರೆ ಅಕ್ಕ, ಮುಂದಿನ ಟ್ರೇ ಎಳೆದುಕೊಳ್ಳುತ್ತ. "ಈ ಟೇಪ್ ಕೀಳೋ ಸದ್ದಿಗೆ ಏನ್ ಹೇಳ್ಲಿ? ನನ್ ಸಹಿ ಇದ್ದಿದ್ದಕ್ಕೇ ಕೀಳ್ತಾರೆ. ನನಗ್ ಬೇಕಾಗಿರೋದು ಇಷ್ಟೇ, ಒಂದ್ಸಲ ಕಟ್ಟಿದ್ದು ಹಾಗೇ ಮೇಲಕ್ಕೆ ಹೋಗ್ಲಿ."

ಏಳು ಗಂಟೆಗೆ ಆಡಳಿತ ವಿಭಾಗದ ಮೇಡಂ ಕೆಳಗಿಳಿದು ಬರುತ್ತಾರೆ, ಕೈಯಲ್ಲಿ ಬಣ್ಣದ ಕರಪತ್ರ. ಮುಂದಿನ ವಾರ 'ಮನಬಿಚ್ಚಿ ಮಾತು' ಕಾರ್ಯಕ್ರಮವಂತೆ. ಅಕ್ಕ ವೇದಿಕೆ ಮೇಲೆ ಕೂರಬೇಕು. ಇಸ್ಲಾಂ ಬಗ್ಗೆ, ಮೈಬಣ್ಣದ ಬಗ್ಗೆ ಯಾರು ಏನು ಬೇಕಾದರೂ ಕೇಳಬಹುದು. ಆಮೇಲೆ ಅಕ್ಕನ ಫೋಟೋ ಲಿಫ್ಟಿನ ಪಕ್ಕ ಒಂದು ವರ್ಷ ಇರುತ್ತದೆ. ಮೇಲಾಗಿ ಅರ್ಧ ದಿನ ರಜೆ.

"ಎಲ್ಲರಿಗೂ ನೀವಂದ್ರೆ ಎಷ್ಟು ಇಷ್ಟ ಗೊತ್ತಾ?"

"ನನ್ ಟ್ರೇ ಮತ್ತೆ ಎಣಿಸೋದು ನಿಲ್ಲುತ್ತಾ ಮೇಡಂ?"

"ಅದು ಬೇರೆ ವಿಷಯ ಅಲ್ವೇನಮ್ಮ? ಮೊದಲು ಜನಕ್ಕೆ ನಿಮ್ಮ ಮೇಲೆ ನಂಬಿಕೆ ಬರಲಿ."

ದೊಡ್ಡಣ್ಣನ ಎಣಿಕೆ ಅರ್ಧಕ್ಕೇ ನಿಲ್ಲುತ್ತದೆ. ಅಕ್ಕ ಕೈಗವಸು ಬಿಚ್ಚಿ, ಕರಪತ್ರವನ್ನು ನಿಧಾನಕ್ಕೆ ಮೇಡಂ ಕಡೆಗೇ ಸರಿಸುತ್ತಾರೆ.

"ನಾನ್ ಬರಲ್ಲ."

"ಒಂದ್ಸಲ ಯೋಚನೆ ಮಾಡಿ..."

"ಮಾಡಿದ್ದಾಯ್ತು. ಬರಲ್ಲ."