ಓದದೆ ಬಿಟ್ಟ ಹಾಳೆ

ನಮ್ಮಪ್ಪ ರೇಡಿಯೊದಲ್ಲಿ ಇಪ್ಪತ್ತಾರು ವರ್ಷ ಕೊಲೆ ಮಾಡಿದರು. ಪ್ರತಿ ಗುರುವಾರ ಸಂಜೆಯ ನೇರಪ್ರಸಾರದ ನಾಟಕಕ್ಕೆ ಅವರೇ ಖಳನಾಯಕ. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗುತ್ತಿದ್ದವರನ್ನು ನಾಟಕದ ನಿರ್ದೇಶಕರು ದನಿ ಕೇಳಿ, ಮೆಚ್ಚಿ, ಕರೆದುಕೊಂಡು ಹೋಗಿದ್ದರಂತೆ. ಅವರ ಪಿಸುಮಾತಿಗೆ ಊರಿನ ಮಕ್ಕಳೆಲ್ಲ ಮುಸುಕು ಹೊದ್ದುಕೊಳ್ಳುತ್ತಿದ್ದರು. ಮನೆಯಲ್ಲಿ ಇದೇ ಮಹಾನುಭಾವರು ಜಿರಳೆ ಕಂಡರೆ ಕುರ್ಚಿ ಹತ್ತಿ ನನ್ನನ್ನು ಕೂಗುತ್ತಿದ್ದರು. ಅಷ್ಟು ಪುಕ್ಕಲು ಮನುಷ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನಗೆ ಹನ್ನೊಂದು ವರ್ಷವಾದಾಗ ಅವರ ಕಣ್ಣು ಕೈಕೊಟ್ಟಿತು. ದಾರಿ ಕಾಣುತ್ತಿತ್ತು, ಬಾಗಿಲು ಕಾಣುತ್ತಿತ್ತು, ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಯಾವ ಕನ್ನಡಕವೂ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಅದೇ ವರ್ಷ, ಅಜ್ಜನ ಪಾತ್ರ ಮಾಡುತ್ತಿದ್ದ ನಟರೊಬ್ಬರು ಎರಡು ಸಲ ಸಾಲು ತಪ್ಪಿದ್ದಕ್ಕೆ ಮೂರನೇ ವಾರ ಅವರ ಜಾಗದಲ್ಲಿ ಬೇರೊಬ್ಬರು ನಿಂತಿದ್ದರು. ಅಪ್ಪ ಅದನ್ನು ಹೇಳಿ, ಎದ್ದುಹೋಗಿ ಬಾಗಿಲಿನ ಚಿಲಕ ಹಾಕಿ ಬಂದರು.

"ಯಾರ ಹತ್ರನೂ ಬಾಯಿ ಬಿಡ್ಬೇಡ. ಗೊತ್ತಾದ್ರೆ ನಮ್ಮ ಕಥೆ ಮುಗೀತು," ಎಂದರು ನನಗೆ.

ಅಲ್ಲಿಂದ ಅವರ ಕಣ್ಣು ನಾನೇ ಆದೆ. ಬುಧವಾರ ಮಧ್ಯಾಹ್ನ ಟೈಪು ಮಾಡಿದ ನಾಟಕ ಮನೆಗೆ ಬರುತ್ತಿತ್ತು. ನಾನು ಮೂರು ಸಲ ಓದುತ್ತಿದ್ದೆ, ಅವರು ಎಲ್ಲರ ಮಾತನ್ನೂ ಬಾಯಿಪಾಠ ಮಾಡುತ್ತಿದ್ದರು. ಹಳಬರಿಗೆ ತಾಲೀಮು ಇರಲಿಲ್ಲ, ನೇರ ಮೈಕಿನ ಮುಂದೆಯೇ. ಹಾಳೆ ಮಗುಚಿದರೆ ಸದ್ದಾಗುತ್ತದೆಂದು ಓದಿ ಮುಗಿದದ್ದನ್ನು ಮೆಲ್ಲಗೆ ಜಮಖಾನದ ಮೇಲೆ ಬೀಳಿಸುವುದು ಅಲ್ಲಿನ ಪದ್ಧತಿ. ಅಪ್ಪನೂ ಕಾಣದ ಹಾಳೆಗಳನ್ನು ಕಣ್ಣೆದುರು ಹಿಡಿದುಕೊಂಡು, ಪಕ್ಕದವರು ಬೀಳಿಸಿದಾಗ ತಾವೂ ಒಂದೊಂದಾಗಿ ಬೀಳಿಸುತ್ತಿದ್ದರು. ಎರಡು ವರ್ಷ ಯಾರಿಗೂ ಸುಳಿವು ಸಿಗಲಿಲ್ಲ.

ಒಂದು ಬುಧವಾರ ಆಟಕ್ಕೆ ಓಡುವ ಅವಸರದಲ್ಲಿ ನಾನು ಎರಡು ಹಾಳೆ ಒಟ್ಟಿಗೆ ಮಗುಚಿದೆ. ಅಂಟಿಕೊಂಡಿದ್ದವು. ಮೂರು ಸಲವೂ ನನಗೆ ತಿಳಿಯಲಿಲ್ಲ, ಅಂಥ ಗಮನ ನನ್ನದು!

ಮರುದಿನ ಅಮ್ಮ, ನಾನು ರೇಡಿಯೊ ಮುಂದೆ ಕುಳಿತಿದ್ದೆವು. ಅರ್ಧ ನಾಟಕ ಆಗಿರಬೇಕು, ನಾಯಕಿ ಕೇಳಿದಳು: "ನಮ್ಮಣ್ಣನ್ನ ಎಲ್ಲಿ ಬಚ್ಚಿಟ್ಟಿದ್ದೀಯ?"

ಆ ಮಾತನ್ನು ನಾನು ಓದಿಯೇ ಇರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ರೇಡಿಯೊದಲ್ಲಿ ಮಾತಿಲ್ಲ. ಆಮೇಲೆ ಉಸಿರು ಕೇಳಿತು, ಅಪ್ಪನ ಉಸಿರು. ಒಳಗೆಳೆದುಕೊಂಡದ್ದು ಹೊರಗೆ ಬರಲು ಹೆದರುತ್ತಿತ್ತು. ಮತ್ತೊಂದು, ಇನ್ನೊಂದು. ಅಷ್ಟರಲ್ಲಿ ನಾಯಕಿಯ ಪಾತ್ರದ ಆ ಪುಣ್ಯಾತ್ಗಿತ್ತಿ, "ಹೇಳಲ್ಲ ಅಲ್ವಾ? ಹಳೇ ಗೋದಾಮಲ್ಲಿ ಅಂತ ನಂಗೊತ್ತು!" ಎಂದು ಅಪ್ಪನ ಉತ್ತರವನ್ನು ತಾನೇ ಹೇಳಿ ಕಥೆಯನ್ನು ಮುಂದಕ್ಕೆಳೆದಳು.

ಕೆಲಸ ಹೋಯಿತೆಂದೇ ನಾವು ಕಾದು ಕುಳಿತೆವು. ಬಂದದ್ದು ಕೇಳುಗರ ಪತ್ರಗಳು, ಚೀಲ ತುಂಬ. ಆ ಉಸಿರು ಕೇಳಿ ಮೈ ಜುಮ್ಮೆಂದಿತು, ಅಂಥ ಖಳನನ್ನು ಕೇಳಿಯೇ ಇಲ್ಲ ಎಂದು ಬರೆದಿದ್ದರು. ನಿರ್ದೇಶಕರಿಗೆ ಸ್ವರ್ಗ ಮೂರೇ ಗೇಣು. ಪ್ರತಿವಾರ ಅದೇ ಉಸಿರು ಬೇಕೆಂದರು.

ಅಪ್ಪನಿಂದ ಆಗಲಿಲ್ಲ. ಕನ್ನಡಿ ಮುಂದೆ ನಿಂತು ಊದಿದರು, ಎಳೆದರು, ಏದುಸಿರು ಬಿಟ್ಟರು. ಎರಡು ವಾರ ಕೇಳಿದ ನಿರ್ದೇಶಕರು, "ಇದು ನೆಗಡಿಯಾದವರ ಉಸಿರು. ಮುಂದಿನ ಗುರುವಾರವೂ ಹೀಗೇ ಆದ್ರೆ ಈ ಪಾತ್ರಕ್ಕೆ ಹೊಸದಾಗಿ ಪರೀಕ್ಷೆ ಇಡ್ತೀನಿ. ನೀವೂ ಬನ್ನಿ, ನಿಂತಲ್ಲೇ ಹಾಳೆ ಕೊಡ್ತೀನಿ, ಓದಿ," ಎಂದುಬಿಟ್ಟರು.

ನಿಂತಲ್ಲೇ ಓದುವುದು! ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬುಧವಾರ ನಾಟಕ ಬಂದಾಗ ನನ್ನನ್ನು ಎದುರು ಕೂರಿಸಿಕೊಂಡರು.

"ಒಂದು ಹಾಳೆ ಓದ್ಬೇಡ."

"ಯಾವುದು?"

"ಅದನ್ನ ನಂಗೆ ಹೇಳ್ಬೇಡ. ನನ್ನ ಮಾತು ಕಡಿಮೆ ಇರೋದು ನೋಡಿ ಬಿಟ್ಬಿಡು."

ನನಗೆ ಅಳು ಬಂತು, ಸಿಟ್ಟೂ ಬಂತು. ಹದಿಮೂರು ವರ್ಷದವಳ ಕೈಗೆ ಇಂಥ ಕೆಲಸ ಕೊಡುವ ಅಪ್ಪ ಎಲ್ಲಾದರೂ ಇದ್ದಾರೆಯೇ? ಐದನೇ ಹಾಳೆ ಬಿಡೋಣವೆಂದುಕೊಂಡೆ. ಅದು ಬಂದಾಗ ಕಣ್ಣು ಮುಚ್ಚಿ ಕೇಳುತ್ತಿದ್ದ ಅವರ ಮುಖ ನೋಡಿದೆ, ಮನಸ್ಸು ಬರಲಿಲ್ಲ, ಓದಿದೆ. ಒಂಬತ್ತನೆಯದನ್ನೂ ಓದಿದೆ. ಕೊನೆಗೆ ಒಂದನ್ನೂ ಬಿಡದೆ ಓದಿ ಮುಗಿಸಿದೆ, ಅದನ್ನು ಅವರಿಗೆ ಹೇಳಲಿಲ್ಲ.

ಗುರುವಾರ ರೇಡಿಯೊ ಹಚ್ಚಿದಾಗ, ನನ್ನ ಕೈಯಾರೆ ಅಪ್ಪನ ಕೆಲಸ ಕಳೆದೆನೆಂದೇ ಅಂದುಕೊಂಡಿದ್ದೆ. ಆದರೆ ಮೊದಲ ಸಾಲಿನಿಂದಲೇ ಆ ಉಸಿರು! ಬೇರೆಯವರು ಬಾಯಿ ತೆರೆದಾಗಲೆಲ್ಲ ಅಪ್ಪನ ಎದೆ ಕಟ್ಟುತ್ತಿದ್ದುದು ಕೇಳಿಸುತ್ತಿತ್ತು. ಒಂದು ಮಾತೂ ತಪ್ಪಲಿಲ್ಲ. ಅರ್ಧ ಗಂಟೆ ಪೂರ್ತಿ ಅವರು ಹೆದರುತ್ತಲೇ ಇದ್ದರು, ಅವರೊಂದಿಗೆ ಊರೆಲ್ಲ ಹೆದರಿತು.

ಮನೆಗೆ ಬಂದಾಗ ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನಿರ್ದೇಶಕರು ತಬ್ಬಿಕೊಂಡರಂತೆ, ಪರೀಕ್ಷೆಯ ಮಾತೇ ಇಲ್ಲವಂತೆ.

"ಯಾವ ಹಾಳೆ ಬಿಟ್ಟಿದ್ದೆ? ಕೊನೇವರೆಗೂ ಬರಲೇ ಇಲ್ವಲ್ಲ!" ಎಂದು ಕೇಳಿದರು.

"ಯಾವುದೂ ಬಿಟ್ಟಿರ್ಲಿಲ್ಲ ಅಪ್ಪ."

ಸಂತೋಷಪಡುತ್ತಾರೆಂದು ಅಂದುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಕುಸಿದು ಕುಳಿತರು.

"ಅದನ್ನ ಹೇಳ್ಬಾರ್ದಿತ್ತು ಮಗಳೇ," ಎಂದರು. "ಇನ್ನು ಮುಂದಿನ ವಾರ ನಾನು ಹೆದರೋದು ಹೇಗೆ?"

ಮುಂದಿನ ಬುಧವಾರ ನಾನು ನಿಜವಾಗಿಯೇ ಒಂದು ಹಾಳೆ ಬಿಟ್ಟೆ.