ನೋಯದ ಬೆರಳು

ಸೂಜಿ ಎಡಗೈಯ ಕಿರುಬೆರಳಿಗೆ ಹೊಕ್ಕಿತ್ತು. ಅದು ನನಗೆ ಗೊತ್ತಾದದ್ದು ನೀಲಿ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಾಗ. ಎಲ್ಲಿಂದ ಬಂತು ಈ ಬಣ್ಣ ಎಂದು ಬಟ್ಟೆ ತಿರುವಿ ನೋಡಿದೆ. ಬಟ್ಟೆಯ ಜೊತೆಗೆ ಬೆರಳೂ ತಿರುಗಿ ಬಂತು. ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ.

ನೋವಾಗಲಿಲ್ಲ.

ಸೂರತ್ತಿನಲ್ಲಿ ಪ್ಲೇಗ್ ಬಂದಿದೆ ಎಂದು ಎಲ್ಲರೂ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ತಿರುಗಿದರಲ್ಲ, ಅದರ ಮರುವರ್ಷದ ಬೇಸಿಗೆ. ನಾವು ವಡೋದರಾಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ವಿಮಾ ಕಂಪನಿಯಲ್ಲಿದ್ದ ನನ್ನ ಗಂಡನಿಗೆ ಪ್ರಮೋಷನ್ ಸಿಕ್ಕಿತ್ತು. ಮೊದಲ ಸಲ ಸ್ವಂತ ಟೇಬಲ್ಲು, ಸುತ್ತ ಪ್ಲೈವುಡ್ಡಿನ ಗೋಡೆ, ಒಂದು ಫೋನು. ಅಂಗಡಿಯಿಂದ ಏನೋ ತಂದುಕೊಡುವ ಬದಲು ಟೇಬಲ್ಲಿಗೆ ಬೇಕಾದ್ದನ್ನೆಲ್ಲ ನಾನೇ ಹೊಲಿದುಕೊಡಬೇಕು ಅನಿಸಿತು. ಹಾಲಿನಪುಡಿಯ ಡಬ್ಬಿಗೆ ಬಟ್ಟೆ ಹೊದಿಸಿ ಪೆನ್ನಿನ ಸ್ಟ್ಯಾಂಡ್. ಕನ್ನಡಕದ ಚೀಲ. ಫೋನಿಗೊಂದು ಕವರು. ಚಹಾದ ಕಪ್ಪಿನ ಕೆಳಗಿಡಲು ದುಂಡನೆಯ ದಪ್ಪ ಬಟ್ಟೆ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಮರಳು ತುಂಬಿದ ಅಂಗೈಯಗಲದ ದಿಂಬು. ಅವ್ವ ಗದಗಿನಲ್ಲಿ ಕಲಿಸಿದ ಕಸೂತಿಯನ್ನು ಎಲ್ಲದರ ಅಂಚಿಗೂ ಹಾಕಿದೆ.

ಅವರಿಗೆ ಖುಷಿಯಾಯಿತು. ಆಫೀಸಿಗೆ ಬಂದವರಿಗೆಲ್ಲ ತೋರಿಸಿದರಂತೆ. ಇದನ್ನೂ ಹೇಳಲೇಬೇಕು, ಮುಂದಿನದು ಅರ್ಥವಾಗಬೇಕಾದರೆ.

ಬೆರಳಿನ ವಿಷಯಕ್ಕೆ ಫತೇಗಂಜಿನ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದೆ. ಕಿರುಬೆರಳು, ಉಂಗುರಬೆರಳು ಎರಡೂ ಜೋಮು ಹಿಡಿದಿವೆ, ಮೊಣಕೈಯ ಹತ್ತಿರ ಬಿಳಿಚಿದ ಒಂದು ಮಚ್ಚೆಯೂ ಇದೆ ಎಂದೆ. ಅವರು ಕೈ ಮುಟ್ಟಿ ನೋಡಲಿಲ್ಲ. "ಕಮಜೋರಿ ಹೈ, ಬೆನ್", ನಿಶ್ಶಕ್ತಿ ಅಕ್ಕಾ, ಎಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಬರೆದರು. ಮಚ್ಚೆಗೆ ಫಂಗಸ್ಸಿನ ಮುಲಾಮು. ಮುಂದಿನ ತಿಂಗಳೂ ಹೋದೆ. ಅದರ ಮುಂದಿನ ತಿಂಗಳೂ ಹೋದೆ. ಮನೆಯಲ್ಲಿ ಚಿಂತೆಯೇನಾದರೂ ಇದೆಯೇ ಎಂದು ಕೇಳಿದರು. ಎಂಟು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ಎರಡೂ ಬೆರಳು ಒಳಕ್ಕೆ ಮಡಚಿಕೊಂಡವು. ಹಿಟ್ಟು ನಾದುವಾಗ ಅವು ಅಂಗೈಗೆ ಅಡ್ಡ ಬರತೊಡಗಿದವು.

ಕೊನೆಗೆ ನಾನೇ ದೊಡ್ಡ ಸರ್ಕಾರಿ ಆಸ್ಪತ್ರೆಯ ಸ್ಕಿನ್ ಓಪಿಡಿಗೆ ಹೋಗಿ ಸಾಲಿನಲ್ಲಿ ನಿಂತೆ. ಅಲ್ಲಿದ್ದ ಲೇಡಿ ಡಾಕ್ಟರು ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಮುಟ್ಟಿದ ಕಡೆಯೆಲ್ಲ ಬೆರಳಿಟ್ಟು ತೋರಿಸಲು ಹೇಳಿದರು. ತೋರಿಸುತ್ತಾ ಹೋದೆ. ಕಣ್ಣು ತೆರೆದಾಗ ಹತ್ತಿ ಮಚ್ಚೆಯ ನಡುವೆಯೇ ಇತ್ತು, ಮುಟ್ಟಿದ್ದು ನನಗೆ ತಿಳಿದೇ ಇರಲಿಲ್ಲ. ಆಮೇಲೆ ಮೊಣಕೈಯ ಹಿಂದೆ ಹಗ್ಗದಂತೆ ದಪ್ಪಗಾಗಿದ್ದ ನರವನ್ನು ಹಿಡಿದು ಒತ್ತಿದರು. ಅಲ್ಲಿ ಮಾತ್ರ ನೋವು ತಡೆಯಲಾಗಲಿಲ್ಲ.

"ಯೇ ಲೆಪ್ರಸಿ ಹೈ" ಎಂದರು.

ಕುಷ್ಠ.

ಅವರು ಇನ್ನೂ ಹೇಳುತ್ತಿದ್ದರು. ಆರು ತಿಂಗಳ ಔಷಧ, ಪೂರ್ತಿ ಗುಣವಾಗುತ್ತದೆ, ಔಷಧ ಶುರುವಾದ ಮೇಲೆ ಯಾರಿಗೂ ಹರಡುವುದಿಲ್ಲ, ಮನೆಯವರ ಜೊತೆ ಉಣ್ಣಬಹುದು, ಮಲಗಬಹುದು. ನರ ಊದಿಕೊಂಡಿರುವುದಕ್ಕೆ ಸ್ಟಿರಾಯ್ಡ್. ಬೆರಳುಗಳನ್ನು ನೇರವಾಗಿ ಹಿಡಿದಿಡಲು ಸ್ಪ್ಲಿಂಟ್ ಪಟ್ಟಿ. "ಪೆಹಲೇ ಆತೀ ತೋ ಉಂಗಲಿಯಾಂ ಬಚ್ ಜಾತೀ" ಎಂದರು. ಮೊದಲೇ ಬಂದಿದ್ದರೆ ಬೆರಳು ಉಳಿಯುತ್ತಿದ್ದವಂತೆ. ನಾನು ಮೊದಲೇ ಹೋಗಿದ್ದೆ. ಎಂಟು ಸಲ ಹೋಗಿದ್ದೆ.

ಅಲ್ಲಿಂದ ನೇರವಾಗಿ ಫತೇಗಂಜಿಗೆ ಹೋಗಿ ಆ ಡಾಕ್ಟರ ಮುಂದೆ ಆಸ್ಪತ್ರೆಯ ಕಾರ್ಡು ಇಟ್ಟೆ. ಓದಿದರು. ಕನ್ನಡಕ ತೆಗೆದರು.

"ಆಪ್ ಜೈಸೇ ಘರ್ ಮೇಂ ಯೇ ಕೌನ್ ಸೋಚೇಗಾ, ಬೆನ್?"

ನಿಮ್ಮಂಥ ಮನೆಯಲ್ಲಿ ಇದು ಬರಬಹುದು ಎಂದು ಯಾರು ಅಂದುಕೊಳ್ಳುತ್ತಾರೆ ಅಂತ. ಅಂದರೆ ಇಸ್ತ್ರಿ ಮಾಡಿದ ಸೀರೆ ನೋಡಿ ಅವರು ರೋಗ ಗುರುತಿಸುತ್ತಿದ್ದರು. ಬಡವಳಾಗಿದ್ದರೆ ಮೊದಲ ದಿನವೇ ಕೈ ನೋಡುತ್ತಿದ್ದರೋ, ಅಥವಾ ಬಾಗಿಲಲ್ಲೇ ನಿಲ್ಲಿಸುತ್ತಿದ್ದರೋ, ಗೊತ್ತಿಲ್ಲ. ಬೈಯಬೇಕೆಂದೇ ಹೋಗಿದ್ದೆ. ಹಿಂದಿ ಬಾಯಿಗೆ ಬರಲಿಲ್ಲ. ಕನ್ನಡದಲ್ಲೇ ಬೈದು ಬಂದೆ.

ಸಂಜೆ ಗಂಡನಿಗೆ ಹೇಳಿದೆ. ಅವರು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದರು.

ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು.

ಬೇಕೆಂದು ಸರಿಸಿದರೋ, ತಾನಾಗಿ ಸರಿಯಿತೋ. ನನಗೆ ಕಂಡಿದ್ದು ಆ ಒಂದು ಗೇಣು ಜಾಗ. "ಯಾರ ಮುಂದೂ ಹೇಳಬ್ಯಾಡ. ಸ್ಮಿತಾನ ಮುಂದೂ ಹೇಳಬ್ಯಾಡ" ಎಂದರು. ಸ್ಮಿತಾ ನಮ್ಮ ಮಗಳು. ಮರುದಿನ ನನ್ನ ತಾಟು, ಲೋಟ ಬೇರೆ ಕಟ್ಟೆಗೆ ಹೋದವು. ಮೂರನೆಯ ದಿನ ಆಫೀಸಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಬಾಗಿಲ ಹೊರಗಿಟ್ಟರು. ಪೆನ್ನಿನ ಸ್ಟ್ಯಾಂಡು, ಫೋನಿನ ಕವರು, ಎಲ್ಲ ಅದರಲ್ಲಿದ್ದವು.

"ಯಾಕ ತಂದ್ರಿ?"

"ಆಫೀಸಿನ್ಯಾಗ ಮಂದಿ ಮುಟ್ಟತಾರ."

"ಎಂಟು ತಿಂಗಳಿಂದ ಮುಟ್ಟ್ಯಾರಲ್ಲ. ಯಾರಿಗೇನಾತು?"

"ನಿನಗ ತಿಳಿಯಂಗಿಲ್ಲ. ನಮ್ಮೂರಾಗ ಹಂತವರನ್ನ ಊರ ಹೊರಗ ಇಡತಿದ್ರು. ನಾ ಕಣ್ಣಾರೆ ನೋಡೇನಿ." ಮತ್ತೆ ಹೇಳಿದರು, "ಆರು ತಿಂಗಳು ಗದಗಿಗೆ ಹೋಗಿ ಇರು. ನಿಮ್ಮವ್ವಗ ಆರಾಮಿಲ್ಲ ಅಂತ ಹೇಳಿದ್ರಾತು."

"ನಮ್ಮವ್ವ ಆರಾಮ ಅದಾಳ. ಗುಳಿಗಿ ಇಲ್ಲಿ ಕೊಡತಾರ. ನಾ ಎಲ್ಲಿಗೂ ಹೋಗಂಗಿಲ್ಲ."

ಅಷ್ಟು ಗಟ್ಟಿಯಾಗಿ ನಾನು ಅವರೊಡನೆ ಹಿಂದೆಂದೂ ಮಾತಾಡಿರಲಿಲ್ಲ. ಹನ್ನೊಂದು ವರ್ಷ ಜೊತೆಗೆ ಉಂಡ ಮನುಷ್ಯ ಒಂದು ಶಬ್ದಕ್ಕೆ ಹೆದರಿ ನನ್ನನ್ನು ಊರ ಹೊರಗೆ ಇಡಲು ನೋಡುತ್ತಿದ್ದ. ಊರು ಮಾತ್ರ ಬೇರೆ, ರೈಲಿನಲ್ಲಿ ಹೋಗಬೇಕಾದ್ದು. ಸಿಟ್ಟಿನಲ್ಲಿ ಆ ಚೀಲವನ್ನು ಎಡಗೈಯಲ್ಲೇ ಎತ್ತಿ ಒಳಗೆ ತಂದಿಟ್ಟೆ. ಆ ಎರಡು ಬೆರಳು ಮಾತ್ರ ಮಡಚಿಕೊಂಡು ಸುಮ್ಮನಿದ್ದವು.

ಒಂಬತ್ತು ವರ್ಷದ ಮಗಳು ತಾನಾಗಿಯೇ ಕೇಳಿದಳು. "ಮಮ್ಮಿ, ನಿನ್ನ ಪ್ಲೇಟ್ ಅಲಗ್ ಕ್ಯೂಂ?" ತಾಟು ಯಾಕೆ ಬೇರೆ ಅಂತ. ಇದ್ದದ್ದನ್ನು ಹೇಳಿದೆ. ರೋಗದ ಹೆಸರನ್ನೂ ಹೇಳಿದೆ.

"ಔಷಧ ತಗೊಂಡಿ ಅಲ್ಲ?"

"ಹೂಂ."

"ತೋ ಫಿರ್, ಮತ್ತೇನು?" ಎಂದು ನನ್ನ ತಾಟನ್ನು ತಂದು ತನ್ನದರ ಮೇಲೆ ಇಟ್ಟಳು. ಅವರಪ್ಪ ನೋಡುತ್ತಿದ್ದರು.

ತಿಂಗಳಿಗೊಮ್ಮೆ ಡಾಕ್ಟರ ಎದುರಿಗೇ ಕ್ಯಾಪ್ಸೂಲ್ ನುಂಗಬೇಕು. ಅವತ್ತು ಮೂತ್ರ ಕೆಂಪಗೆ ಹೋಗುತ್ತದೆ. ಸ್ಟಿರಾಯ್ಡಿನಿಂದ ಮುಖ ಊದಿ ಕನ್ನಡಿಯಲ್ಲಿ ಬೇರೆ ಯಾರೋ ಕಾಣುತ್ತಿದ್ದಳು. ದಿನಾ ಕೈ ನೀರಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬಲಗೈಯಿಂದ ಬೆರಳು ಬಿಡಿಸಿ ನೇರ ಮಾಡಬೇಕು. ಒಮ್ಮೆ ಬಿಸಿ ಹಂಚು ಹಿಡಿದು ಬೊಬ್ಬೆ ಎದ್ದದ್ದು ಮಗಳ ಕಣ್ಣಿಗೆ ಬಿತ್ತು, ನನಗೆ ತಿಳಿಯಲಿಲ್ಲ.

ಎರಡನೆಯ ತಿಂಗಳು ಹೋಗುವಾಗ ಆ ಪ್ಲಾಸ್ಟಿಕ್ ಚೀಲವನ್ನೂ ಒಯ್ದೆ. ಓಪಿಡಿಯ ಟೇಬಲ್ಲಿನ ಮೇಲೆ ಕೇಸ್ ಪೇಪರುಗಳು ಹಾರದಂತೆ ಒಡೆದ ಟೈಲ್ಸಿನ ಚೂರು ಇಟ್ಟಿದ್ದರು. "ನಿಮಗೆ ಹೆದರಿಕೆ ಇಲ್ಲದಿದ್ದರೆ ಇಟ್ಟುಕೊಳ್ಳಿ" ಎಂದು ಹಿಂದಿಯಲ್ಲಿ ಹೇಳಿದೆ. ನನ್ನ ದನಿ ಒರಟಾಗಿತ್ತು. ಅವರ ಮೇಲಿನ ಸಿಟ್ಟಲ್ಲ ಅದು. ಡಾಕ್ಟರು ಮರಳಿನ ದಿಂಬನ್ನು ಅಂಗೈಯಲ್ಲಿ ತೂಗಿ ನೋಡಿದರು. ಟೈಲ್ಸಿನ ಚೂರನ್ನು ಬುಟ್ಟಿಗೆ ಹಾಕಿ ದಿಂಬು ಇಟ್ಟರು. ಪೆನ್ನುಗಳನ್ನು ಸ್ಟ್ಯಾಂಡಿಗೆ ತುಂಬಿದರು. ಮುಂದಿನ ಪೇಷಂಟನ್ನು ಕರೆದರು.

ಕೊನೆಯ ಡೋಸಿಗೆ ಗಂಡ ತಾವಾಗಿಯೇ ಜೊತೆಗೆ ಬಂದರು. ಬಾಗಿಲಲ್ಲಿ ನಿಂತರು. ಡಾಕ್ಟರು ಕಾರ್ಡಿನ ಮೇಲೆ ಚಿಕಿತ್ಸೆ ಮುಗಿಯಿತು ಎಂದು ಬರೆದರು. ಬೆರಳು ಅರ್ಧ ನೇರವಾಗಿದೆ, ಸ್ಪರ್ಶ ಬರಬಹುದು, ಬಾರದೆಯೂ ಇರಬಹುದು, ದಿನಾ ಕೈ ನೋಡಿಕೊಳ್ಳಿ ಎಂದರು. ರಿಕ್ಷಾದಲ್ಲಿ ಕೂತಮೇಲೆ ಗಂಡ ಕೇಳಿದರು.

"ಆ ಟೇಬಲ್ ಮ್ಯಾಲಿದ್ದದ್ದು ನನಗ ಹೊಲದಿದ್ದಲ್ಲೇನು?"

"ಹೌದು. ನೀವು ಬ್ಯಾಡಂದ್ರಿ."

ರಸ್ತೆಯ ಕಡೆ ತಿರುಗಿ, "ತಪ್ಪಾತು" ಎಂದರು. ಮತ್ತೆ, "ಇನ್ನೊಂದು ಹೊಲಿತೀ?"

"ಇಲ್ಲ" ಎಂದೆ.

ಇದಾಗಿ ಒಂದು ತಿಂಗಳು. ರೋಗ ಹೋಗಿದೆ, ಆ ಲೇಡಿ ಡಾಕ್ಟರಿಗೆ ನಾನು ಋಣಿ. ಕಿರುಬೆರಳಿನ ಬುಡದಲ್ಲಿ ಒಮ್ಮೊಮ್ಮೆ ಇರುವೆ ಹರಿದಂತೆ ಆಗುತ್ತದೆ. ಒಳ್ಳೆಯ ಲಕ್ಷಣ ಅಂತೆ. ಗಂಡ ಈಗ ನನ್ನ ಪಕ್ಕದಲ್ಲಿ ಕೂತು ಉಣ್ಣುತ್ತಾರೆ. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಅಡುಗೆಮನೆಗೆ ಬಂದು ಒಲೆಯ ಮೇಲಿನ ಬಿಸಿ ಪಾತ್ರೆಗಳನ್ನು ತಾವೇ ಇಳಿಸುತ್ತಾರೆ, ನನ್ನ ಕೈ ತಿರುಗಿಸಿ ಬೆರಳುಗಳನ್ನು ಒಂದೊಂದಾಗಿ ನೋಡುತ್ತಾರೆ. ನನ್ನ ಸಿಟ್ಟು ಇಳಿದಿಲ್ಲ. ಅವರಿಗೂ ಅದು ಗೊತ್ತು. ಆದರೂ ಕೈ ಕೊಡುತ್ತೇನೆ, ನೋಡಲಿ ಎಂದು.