ಪೆಡಲ್ ಮೇಲೆ ಕಲ್ಲಿಡದ ಅಕ್ಕ

ಬೆಳಗ್ಗೆ ಒಂಬತ್ತಕ್ಕೆ ಬಚ್ಚಲಿನ ಕಟ್ಟಿಕೊಂಡ ಮೋರಿಗೆ, ಮೈಗೆ ತಾಗಿದರೆ ಸುಡುವ ಮೋರಿ ಪುಡಿ ಒಂದು ಡಬ್ಬಿ ಪೂರ್ತಿ ಸುರಿದೆ. ಒಂಬತ್ತೂವರೆಗೆ "ಏನೂ ಸುರಿದಿಲ್ಲ" ಅಂದೆ. ಈಗ ಗಂಟೆ ಎರಡೂಕಾಲು. ಮೂರಕ್ಕೆ ಯಾರೋ ಒಬ್ಬ ಬಂದು ಅದೇ ಪೈಪಿಗೆ ಮೆಷಿನ್ ಬಿಡುತ್ತಾನಂತೆ. ಒಳಗಿರುವ ನೀರು ಅವನ ಕಣ್ಣಿಗೆ ಸಿಡಿದರೆ? ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನಾನು ಮೊದಲೇ ಹೆದರುಪುಕ್ಕಲಿ. ಹತ್ತು ತಿಂಗಳ ಮಗಳು ಒಮ್ಮೆ ಕೆಮ್ಮಿದಳೆಂದು, ಗುಂಡಿ ನುಂಗಿದಳೇನೋ ಅಂತ ಮನೆಯವರ ಅಂಗಿಗಳನ್ನೆಲ್ಲ ಹರವಿಕೊಂಡು ಗುಂಡಿ ಎಣಿಸಿದವಳು. ಅಂಥವಳ ಕಣ್ಣೆದುರು ಬಚ್ಚಲಿನ ಕಪ್ಪು ನೀರು ಉಕ್ಕಿ ಹೊಸ್ತಿಲಿಗೆ ಬಂತು. ಮಗಳು ಅಂಬೆಗಾಲಿಟ್ಟು ನೇರ ಅತ್ತಲೇ ಹೊರಟಳು. ಕಟ್ಟಡದ ಸೆಕ್ರೆಟರಿಗೆ ಹೇಳಿದರೆ, "ಅಕ್ಕ ಅರ್ಧ ಗಂಟೇಲಿ ಬರ್ತಾಳೆ" ಅಂದರು. ಆ ಅರ್ಧ ಗಂಟೆ ನನ್ನಿಂದ ಕಾಯಲಾಗಲಿಲ್ಲ.

ಅಕ್ಕ ಅಂದರೆ ಮೋರಿ ಬಿಡಿಸುವ ಅಕ್ಕ. ನಲವತ್ತು ದಾಟಿದ, ಗಿಡ್ಡನೆಯ, ಗಟ್ಟಿ ಹೆಂಗಸು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಕಾನೂನಕ್ಕ ಅನ್ನುತ್ತಾರೆ. ಅವಳ ಮೆಷಿನ್‌ಗೆ ಎರಡು ಚಕ್ರ, ಮಧ್ಯೆ ಒಂದು ದುಂಡನೆಯ ಡಬ್ಬ, ಅದರೊಳಗೆ ಹಾವಿನಂತೆ ಸುತ್ತಿಕೊಂಡ ಉದ್ದನೆಯ ಸ್ಪ್ರಿಂಗ್. ಪೆಡಲ್ ಒತ್ತಿದರೆ ಸ್ಪ್ರಿಂಗ್ ತಿರುಗುತ್ತ ಪೈಪಿನೊಳಗೆ ಹೋಗುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಆ ಪೆಡಲನ್ನು ಅವಳ ಕಾಲು ಬಿಟ್ಟು ಬೇರೆ ಕಾಲು ಮುಟ್ಟುವಂತಿಲ್ಲ.

ಹೋದ ಸಲ ಬಂದಾಗ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತ ಅದರ ಕಥೆ ಹೇಳಿದ್ದಳು. ಮೆಷಿನ್ ಮೊದಲು ಅವಳ ಗಂಡನದು. ಎರಡೂ ಕೈಯಲ್ಲಿ ಸ್ಪ್ರಿಂಗ್ ಹಿಡಿಯಬೇಕು, ಜೊತೆಗೆ ಕಾಲೂ ಒತ್ತಿಕೊಂಡೇ ಇರಬೇಕು, ಸೊಂಟ ಹಿಡಿಯುತ್ತದೆ. ಅದಕ್ಕೆ ಆ ಕಸುಬಿನವರೆಲ್ಲ ಒಂದು ಉಪಾಯ ಮಾಡುತ್ತಾರಂತೆ: ಪೆಡಲ್ ಮೇಲೆ ಒಂದು ಕಲ್ಲು ಇಟ್ಟುಬಿಡುವುದು. ಅವಳ ಗಂಡನೂ ಇಟ್ಟ. ಕೈಗೆ ಬಟ್ಟೆಯ ಗ್ಲೌಸ್ ಬೇರೆ. ಪೈಪಿನೊಳಗೆ ಸ್ಪ್ರಿಂಗ್ ಎಲ್ಲೋ ಸಿಕ್ಕಿಕೊಂಡು ಗಂಟಾಯಿತು, ಗ್ಲೌಸಿನ ನೂಲು ಸುತ್ತಿಕೊಂಡಿತು, ಕೈ ಒಳಗೆ ಎಳೆಯಿತು. ಕಾಲು ಕಲ್ಲಿನವರೆಗೆ ಎಟುಕಲಿಲ್ಲ. ಇವಳು ಓಡಿಹೋಗಿ ಪ್ಲಗ್ ಕೀಳುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು.

"ಆ ಕಲ್ಲು ಏನು ಮಾಡಿದ್ರಿ ಅಕ್ಕ?" ಅಂತ ಕೇಳಿದ್ದೆ.

"ಏನು ಮಾಡೋದು, ಬಾಗಿಲು ಬಡ್ಕೋಬಾರದು ಅಂತ ಅಡ್ಡ ಇಟ್ಟಿದ್ದೀನಿ. ಪಾಪ, ಕಲ್ಲಿಂದೇನು ತಪ್ಪು?"

ಆಮೇಲೆ ಮೆಷಿನ್ ಮಾರು ಅಂದವರೇ ಎಲ್ಲ. ಹೆಂಗಸರ ಕೈಗೆ ಇದು ಆಗುವ ಮಾತಲ್ಲ ಅಂದರಂತೆ. ಅವಳು ಹಿತ್ತಲಿನಲ್ಲಿ ಒಂದು ಹಳೇ ಪೈಪು ಮಲಗಿಸಿ, ಅದಕ್ಕೆ ಚಿಂದಿ ತುರುಕಿ, ತಿಂಗಳುಗಟ್ಟಲೆ ಬಿಡಿಸುತ್ತ ಕೂತಳು. ಗಂಡ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು "ಕಾಲೆತ್ತು! ಕಾಲೆತ್ತೇ ಮಾರಾಯ್ತಿ!" ಅಂತ ಕೂಗುತ್ತಿದ್ದನಂತೆ. "ಕಾಲೆತ್ತೋದು ಕಲಿತರೆ ಮುಕ್ಕಾಲು ಕೆಲಸ ಕಲಿತ ಹಾಗೆ" ಅಂದಿದ್ದಳು. ಏಳುವ ಮುಂಚೆ ನನ್ನತ್ತ ಬೆರಳು ತೋರಿಸಿ, "ಇನ್ನೊಂದು ಸಲ ಕಟ್ಕೊಂಡ್ರೆ ಪುಡಿಗಿಡಿ ಸುರೀಬೇಡ ತಂಗಿ. ನನ್ನ ಕರಿ" ಅಂದಿದ್ದಳು. ನಾನು ತಲೆಯಾಡಿಸಿದ್ದೆ.

ಇವತ್ತು ಬಂದವಳು ಎಂದಿನಂತೆ ಬಳೆ ತೆಗೆದು ಚೀಲಕ್ಕೆ ಹಾಕಿದಳು, ಜಡೆ ಟೋಪಿಯೊಳಗೆ ಸಿಕ್ಕಿಸಿದಳು, ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗ್ಲೌಸ್ ಹಾಕಿಕೊಂಡಳು. ಕೆಳಗೆ ನಮ್ಮ ಕಟ್ಟಡದ ಮೂರೂ ಮನೆಯ ನೀರು ಬಂದು ಸೇರುವ ಪೈಪಿನ ಬಾಯಿಗೆ ಒಂದೇ ಮೊಳ ದೂರದಲ್ಲಿ ಮೆಷಿನ್ ನಿಲ್ಲಿಸಿದಳು. ದೂರ ನಿಂತರೆ ಮಧ್ಯದ ಸ್ಪ್ರಿಂಗ್ ಚಾಟಿಯಂತೆ ಬೀಸುತ್ತದಂತೆ.

ಸೆಕ್ರೆಟರಿ ನಕ್ಕರು. "ಏನಮ್ಮ, ಮೋರಿ ಬಿಡಿಸೋಕೆ ಬಂದ್ಯೋ ಯುದ್ಧಕ್ಕೆ ಬಂದ್ಯೋ?"

"ಯುದ್ಧದಲ್ಲಿ ಎದುರಿಗಿರೋನು ಕಾಣ್ತಾನೆ ಸಾರ್."

ಆಮೇಲೆ ಮೂರೂ ಮನೆಯ ಬಾಗಿಲು ತಟ್ಟಿ ಕೇಳಿದಳು, ಮೋರಿಗೆ ಏನಾದರೂ ಸುರಿದಿದ್ದೀರಾ ಅಂತ. ನನ್ನ ಬಾಗಿಲಿಗೆ ಬಂದಾಗ ಅವಳ ಹಿಂದೆಯೇ ಸೆಕ್ರೆಟರಿ ನಿಂತಿದ್ದರು. ನನ್ನ ಬಾಯಿಂದ "ಇಲ್ಲ" ಬಂದುಬಿಟ್ಟಿತು.

ಅಕ್ಕ ಕೆಳಗಿಳಿದು ಗ್ಲೌಸ್ ಕಳಚಿ ಪೈಪಿನ ಹೊರಮೈಗೆ ಅಂಗೈ ಒತ್ತಿದಳು. ಪೈಪಿನ ಬಾಯಿಯ ಮುಚ್ಚಳಕ್ಕೆ ಕೈ ಹಚ್ಚಲಿಲ್ಲ. ನಾನು ಮೇಲಿನಿಂದ ನೋಡುತ್ತಿದ್ದೆ.

"ಬೆಚ್ಚಗಿದೆ ಸಾರ್. ನಿಂತ ನೀರು ಬೆಚ್ಚಗಿರಲ್ಲ. ಯಾರೋ ಏನೋ ಹಾಕಿದ್ದಾರೆ. ಯಾರು ಅಂತ ನನಗೆ ಬೇಡ, ಏನು ಅಂತ ಹೇಳಿದ್ರೆ ಸಾಕು. ಸ್ಪ್ರಿಂಗ್ ತಿರುಗಿದ್ರೆ ಅದೆಲ್ಲ ಮುಖಕ್ಕೆ ಹಾರುತ್ತೆ."

"ಕೇಳಿದ್ದಾಯ್ತಲ್ಲ, ಯಾರೂ ಹಾಕಿಲ್ಲ! ಕೆಲಸ ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳ್ಬೇಡ."

"ಪೈಪು ಸುಳ್ಳು ಹೇಳಲ್ಲ ಸಾರ್."

"ನಿನ್ನಂಥವರು ಹತ್ತು ಜನ ಸಿಗ್ತಾರೆ, ಗೊತ್ತಾಯ್ತಾ? ನಾಳೆಯಿಂದ ಈ ಕಡೆ ಬರೋದೇ ಬೇಡ."

"ಹತ್ತು ಜನ ಸಿಗಬಹುದು. ನನಗೆ ಇನ್ನೊಂದು ಜೊತೆ ಕಣ್ಣು ಎಲ್ಲಿ ಸಿಗುತ್ತೆ?" ಅಂದವಳೇ ವೈರು ಸುತ್ತಿ, ಬಳೆ ಹಾಕಿಕೊಂಡು, ಮೆಷಿನ್ ತಳ್ಳಿಕೊಂಡು ಹೊರಟಳು. ಗೇಟಿನ ಹತ್ತಿರ ಒಮ್ಮೆ ತಿರುಗಿ ಮೂರೂ ಮಹಡಿಗೆ ಕೇಳುವಂತೆ, "ಯಾರೇ ಬಂದ್ರೂ ಅವನಿಗಾದ್ರೂ ನಿಜ ಹೇಳಿ!" ಅಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಅವಳಿಗೆ ಗೊತ್ತಾಗಿತ್ತು ಅಂತಲೇ ನನ್ನ ಅನುಮಾನ.

ಆಗಿನಿಂದ, ಅಂದರೆ ಒಂಬತ್ತೂಮುಕ್ಕಾಲಿನಿಂದ, ನಾನು ಒಳಗೊಳಗೇ ವಕೀಲಿಕೆ ಮಾಡುತ್ತಿದ್ದೇನೆ. ಅಷ್ಟು ಹೊತ್ತಿಗೆ ಪುಡಿ ಕರಗಿಹೋಗಿರುತ್ತದೆ ಬಿಡು. ಬರುವವನಿಗೂ ಕಸುಬು ಗೊತ್ತಿರುತ್ತದೆ ಬಿಡು. ಗಂಡನಿಗೆ ಮೆಸೇಜ್ ಮಾಡಿದರೆ, "ಸುಮ್ಮನಿರು, ಈಗ ಹೇಳಿದ್ರೆ ಇಡೀ ಕಟ್ಟಡ ಆಡ್ಕೊಳ್ಳುತ್ತೆ" ಅಂತ ಉತ್ತರ ಬಂತು. ಆಡಿಕೊಳ್ಳಲಿ! ಹೊರಗಿನ ಜಗತ್ತಿನಲ್ಲಿ ಏನೇನು ಆಗಬಹುದು ಅಂತ ಹಗಲಿಡೀ ಹೆದರುತ್ತೇನೆ; ಇವತ್ತು ಆಗಬಹುದಾದ ಅನಾಹುತವನ್ನು ಡಬ್ಬಿ ಹಿಡಿದು ಮಾಡಿದವಳು ನಾನೇ.

ಮಗಳನ್ನು ಸೊಂಟಕ್ಕೇರಿಸಿ ಸೆಕ್ರೆಟರಿಗೆ ಫೋನ್ ಮಾಡಿದೆ. ಎರಡೂವರೆ.

"ಸಾರ್, ಮೂರು ಗಂಟೆಯವರನ್ನ ನಿಲ್ಲಿಸಿ. ಪೈಪಿಗೆ ಪುಡಿ ಹಾಕಿದ್ದು ನಾನು."

"ಏನಮ್ಮ ಇದು! ಬೆಳಗ್ಗೆ ಇಲ್ಲ ಅಂದ್ರಿ?"

"ಸುಳ್ಳು ಹೇಳಿದ್ದೆ. ಅಕ್ಕ ಹೇಳಿದ್ದೇ ನಿಜ. ಅವರನ್ನೇ ವಾಪಸ್ ಕರೀರಿ. ಸುಳ್ಳು ಹೇಳ್ಬೇಡ ಅಂದ್ರಲ್ಲ, ಆ ಮಾತೂ ವಾಪಸ್ ತಗೊಳ್ಳಿ."

"ನಾನಾ? ಅವಳ ಹತ್ರ?"

"ಹೂಂ ಸಾರ್. ನಾನೂ ಪಕ್ಕದಲ್ಲೇ ನಿಂತು ಕ್ಷಮೆ ಕೇಳ್ಕೊಳ್ತೀನಿ. ನನ್ನ ತಪ್ಪು ದೊಡ್ಡದು."

"ನೋಡಮ್ಮ, ಓದಿದವರಾಗಿ ನೀವೇ ಹೀಗೆ…"

"ಓದಿದವಳೇ ಸಾರ್. ಈಗ ಡಬ್ಬಿ ಮೇಲಿರೋದನ್ನ ಓದ್ತೀನಿ, ಏನು ಹಾಕಿದ್ದು ಅಂತ ಅಕ್ಕನಿಗೆ ಹೇಳ್ಬೇಕು. ಪೆನ್ನು ತಗೊಳ್ಳಿ."